ಪ್ರೋಟೀನಿಗೆ ಅಂಟಿದ ಚೀಟಿಗಳು: ಒಂದು ಇನ್ನೊಂದರ ಮಾತು ಕೇಳುವುದು ಹೇಗೆ?

ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟ್ ಹೋದ ವಾರ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಎಚ್‌ಬಿಎ1ಸಿ ಅನ್ನೋ ಸಾಲಿನ ಮುಂದೆ 7.4 ಅಂತ ದಪ್ಪಕ್ಷರದಲ್ಲಿತ್ತು. ಅಪ್ಪನಿಗೆ ಸಿಟ್ಟು. "ನಾಲ್ಕು ದಿನದಿಂದ ಸಿಹಿ ಮುಟ್ಟಿಲ್ಲ ಕಣೋ. ಕಾಫಿಗೂ ಸಕ್ಕರೆ ಹಾಕ್ಕೊಂಡಿಲ್ಲ. ಇದು ಹೇಗೆ ಜಾಸ್ತಿ ಬಂತು?"

ನಾಲ್ಕು ದಿನದ ಪಥ್ಯಕ್ಕೆ ಈ ಸಂಖ್ಯೆ ಬಗ್ಗುವುದಿಲ್ಲ. ಇದು ರಕ್ತದಲ್ಲಿ ತೇಲುತ್ತಿರುವ ಸಕ್ಕರೆಯ ಲೆಕ್ಕ ಅಲ್ಲ. ಹಿಮೋಗ್ಲೋಬಿನ್ ಅನ್ನೋ ಪ್ರೋಟೀನಿಗೆ ಅಂಟಿಕೊಂಡು ಕೂತ ಸಕ್ಕರೆಯ ಲೆಕ್ಕ. ನೂರು ಹಿಮೋಗ್ಲೋಬಿನ್ ತೆಗೆದುಕೊಂಡರೆ ಸುಮಾರು ಏಳಕ್ಕೆ ಸಕ್ಕರೆ ಮೆತ್ತಿಕೊಂಡಿದೆ ಅಂತ ಅರ್ಥ. ಒಮ್ಮೆ ಗಟ್ಟಿಯಾಗಿ ಕೂತರೆ ಆ ಕೆಂಪು ರಕ್ತಕಣ ಸಾಯುವ ತನಕ ಅದು ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಇದು ಎರಡು ಮೂರು ತಿಂಗಳ ಹಳೇ ಬಾಕಿ. ಡಾಕ್ಟರು "ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ" ಅನ್ನುವುದು ಅದಕ್ಕೇ.

ಇಲ್ಲಿ ಸಕ್ಕರೆಯನ್ನು ಯಾರೂ ಅಂಟಿಸಿಲ್ಲ. ರಕ್ತದಲ್ಲಿ ಜಾಸ್ತಿ ಇತ್ತು, ತಾನಾಗಿ ಮೆತ್ತಿಕೊಂಡಿತು. ಆದರೆ ನಮ್ಮ ಜೀವಕೋಶಗಳು ಬೇಕಂತಲೇ, ಹಗಲೂ ರಾತ್ರಿ, ತಮ್ಮ ಪ್ರೋಟೀನುಗಳಿಗೆ ಏನೇನೋ ಅಂಟಿಸುತ್ತಾ, ಕೀಳುತ್ತಾ ಇರುತ್ತವೆ. ಒಂದೊಂದು ಪ್ರೋಟೀನಿನ ಮೇಲೂ ಇಂಥ ಚೀಟಿ ಹತ್ತಾರು. ಒಂದು ಚೀಟಿ ಇದ್ದರೆ ಇನ್ನೊಂದು ಬರುತ್ತದೆ. ಮತ್ತೊಂದು ಇದ್ದರೆ ಬರುವುದೇ ಇಲ್ಲ. ಇವು ಒಂದನ್ನೊಂದು ಹೇಗೆ ಕೇಳಿಸಿಕೊಳ್ಳುತ್ತವೆ ಅನ್ನೋದೇ ಇಲ್ಲಿನ ವಿಷಯ.

## ಸೀರೆ ಅದೇ, ಕುಚ್ಚು ಬೇರೆ

ಪ್ರೋಟೀನ್ ಅಂದ ಕೂಡಲೇ ಬೇಳೆ, ಮೊಟ್ಟೆ, ಜಿಮ್ ಹುಡುಗರ ದೊಡ್ಡ ಡಬ್ಬಿ ನೆನಪಾಗುತ್ತದೆ. ಅದು ತಟ್ಟೆಯ ಪ್ರೋಟೀನು. ಜೀವಕೋಶದೊಳಗೆ ಪ್ರೋಟೀನು ಅಂದರೆ ಕೆಲಸಗಾರ. ಆಮ್ಲಜನಕ ಹೊರುವವನು ಒಬ್ಬ, ಸಕ್ಕರೆ ಒಡೆಯುವವನು ಇನ್ನೊಬ್ಬ, ಡಿಎನ್ಎ ಕಾಯುವವನು ಮತ್ತೊಬ್ಬ.

ಕಟ್ಟುವ ವಿಧಾನ ಮಣಿ ಪೋಣಿಸಿದ ಹಾಗೆ. 20 ಬಗೆಯ ಮಣಿಗಳಿವೆ, ಇವುಗಳಿಗೆ ಅಮೈನೋ ಆಮ್ಲ ಅಂತ ಹೆಸರು. ಯಾವುದಾದ ಮೇಲೆ ಯಾವುದು ಅನ್ನೋದನ್ನು ಜೀನ್ ಹೇಳುತ್ತದೆ. ಪೋಣಿಸಿದ ಸರ ಸುಮ್ನೆ ಜೋತುಬೀಳುವುದಿಲ್ಲ. ಮಡಚಿ, ಸುತ್ತಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಸರಿಯಿದ್ದರೆ ಕೆಲಸ ನಡೆಯುತ್ತದೆ.

ಮನುಷ್ಯರಲ್ಲಿ ಪ್ರೋಟೀನ್ ಕಟ್ಟುವ ಜೀನ್‌ಗಳು ಸುಮಾರು 20,000. ಆದರೆ ಮಾಡಬೇಕಾದ ಕೆಲಸ ಅದಕ್ಕಿಂತ ಎಷ್ಟೋ ಜಾಸ್ತಿ. ಕೋಶ ಇದಕ್ಕೆ ಮಾಡಿಕೊಂಡ ಉಪಾಯಗಳಲ್ಲಿ ಒಂದು, ಪ್ರೋಟೀನ್ ಕಟ್ಟಿ ಮುಗಿದ ಮೇಲೂ ಅದನ್ನು ತಿದ್ದುವುದು. ಸೀರೆ ನೇಯ್ದು ಅಂಗಡಿಗೆ ಬಂದಾಯ್ತು. ಮನೆಗೆ ತಂದ ಮೇಲೆ ಫಾಲ್ ಹಾಕಿಸುತ್ತೇವೆ, ಕುಚ್ಚು ಕಟ್ಟಿಸುತ್ತೇವೆ. ಬೇಡ ಅಂದರೆ ಬಿಚ್ಚಲೂಬಹುದು. ಮಗ್ಗಕ್ಕೂ ಇದಕ್ಕೂ ಸಂಬಂಧ ಇಲ್ಲ, ಅಲ್ವಾ? ಪ್ರೋಟೀನಿನ ವಿಷಯದಲ್ಲೂ ಹಾಗೇ.

## ಯಾವ ಯಾವ ಚೀಟಿ?

ನೂರಾರು ಬಗೆ ಗೊತ್ತಾಗಿವೆ. ಇಲ್ಲಿಗೆ ನಾಲ್ಕು ಸಾಕು.

ಎಲ್ಲಕ್ಕಿಂತ ಹೆಚ್ಚು ಅಧ್ಯಯನ ಆಗಿರುವುದು ಫಾಸ್ಫೇಟ್. ರಂಜಕ ಮತ್ತು ಆಮ್ಲಜನಕ ಸೇರಿದ ಪುಟ್ಟ ತುಣುಕು. ಸೆರಿನ್, ಥ್ರಿಯೋನಿನ್, ಟೈರೋಸಿನ್ ಅನ್ನುವ ಮಣಿಗಳ ಮೇಲೆ ಕೂರುತ್ತದೆ. ಇದಕ್ಕೆ ಋಣ ವಿದ್ಯುತ್ತು ಇದೆ. ಅದು ಬಂದು ಕೂತ ಕೂಡಲೇ ಸುತ್ತಲಿನ ಕೆಲವು ಭಾಗ ಹತ್ತಿರ ಬರುತ್ತವೆ, ಕೆಲವು ದೂರ ಸರಿಯುತ್ತವೆ. ಸರದ ಆಕಾರವೇ ಬದಲಾಗಿಬಿಡಬಹುದು. ಇದನ್ನು ಅಂಟಿಸುವ ಕೆಲಸಗಾರರಿಗೆ ಕೈನೇಸ್ ಅಂತ ಹೆಸರು. ನಮ್ಮಲ್ಲಿ 500ಕ್ಕೂ ಹೆಚ್ಚು ಕೈನೇಸ್‌ಗಳಿವೆ. ಕೀಳುವವರು ಫಾಸ್ಫಟೇಸ್‌ಗಳು.

ಎರಡನೆಯದು ಅಸಿಟೈಲ್, ಮೂರನೆಯದು ಮೀಥೈಲ್. ಎರಡೂ ಚಿಕ್ಕವು. ಎರಡಕ್ಕೂ ಇಷ್ಟದ ಜಾಗ ಲೈಸಿನ್ ಅನ್ನೋ ಮಣಿ. ಲೈಸಿನ್‌ಗೆ ಧನ ವಿದ್ಯುತ್ತು ಇರುತ್ತದೆ. ಅಸಿಟೈಲ್ ಕೂತರೆ ಅದು ಅಳಿಸಿಹೋಗುತ್ತದೆ, ಮೀಥೈಲ್ ಕೂತರೆ ಉಳಿಯುತ್ತದೆ.

ನಾಲ್ಕನೆಯದು ಯುಬಿಕ್ವಿಟಿನ್. ಇದು ಚೀಟಿ ಅನ್ನುವುದಕ್ಕಿಂತ ಚೀಲ. ತಾನೇ 76 ಮಣಿಗಳ ಒಂದು ಪುಟ್ಟ ಪ್ರೋಟೀನು. ಇದೂ ಹೆಚ್ಚಾಗಿ ಲೈಸಿನ್ ಮೇಲೇ ಕೂರುತ್ತದೆ. ಒಂದರ ಬಾಲಕ್ಕೆ ಒಂದು ಸೇರಿ ಸರಪಳಿಯಾದರೆ, ಸಾಮಾನ್ಯವಾಗಿ ಆ ಪ್ರೋಟೀನಿನ ಕಥೆ ಮುಗಿದ ಹಾಗೆ. ಪ್ರೋಟಿಯಾಸೋಮ್ ಅನ್ನೋ ಕೊಳವೆಯಂಥ ಯಂತ್ರ ಅದನ್ನು ಎಳೆದುಕೊಂಡು ಚೂರು ಮಾಡುತ್ತದೆ. ಇದನ್ನು ಬಿಡಿಸಿ ಹೇಳಿದ ಇಸ್ರೇಲ್‌ನ ಆರನ್ ಸಿಹಾನೋವರ್, ಅವ್ರಮ್ ಹರ್ಷ್ಕೊ ಮತ್ತು ಅಮೆರಿಕದ ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಲೈಸಿನ್ ಮೇಲೆ ಮೂವರಿಗೆ ಕಣ್ಣು ಅನ್ನೋದನ್ನು ನೆನಪಿಟ್ಟುಕೊಳ್ಳಿ. ಮುಂದೆ ಜಗಳ ಶುರುವಾಗುವುದು ಅಲ್ಲೇ.

## ಫಾಸ್ಫೇಟ್ ಅಂದರೆ ಸ್ವಿಚ್ಚು ಆನ್ ಅಂತಲ್ಲ

ಬಸ್ಸು ಹೊರಟೇಬಿಟ್ಟಿತು ಅಂದುಕೊಳ್ಳಿ. ನೀವು ಓಡಿದಿರಿ. ಕಾಲಿನ ಸ್ನಾಯುವಿಗೆ ತಕ್ಷಣ ಸಕ್ಕರೆ ಬೇಕು. ಅಲ್ಲಿ ಗ್ಲೈಕೋಜನ್ ಅನ್ನೋ ರೂಪದಲ್ಲಿ ಅದರ ದಾಸ್ತಾನು ಇರುತ್ತದೆ. ಈ ಕಣಜದ ಬೀಗ ತೆಗೆಯುವ ಪ್ರೋಟೀನಿನ ಹೆಸರು ಫಾಸ್ಫೊರಿಲೇಸ್. ಎಂಟುನೂರಕ್ಕೂ ಹೆಚ್ಚು ಮಣಿಗಳ ಸರ. ಅದರಲ್ಲಿ 14ನೇ ಮಣಿಗೆ ಒಂದೇ ಒಂದು ಫಾಸ್ಫೇಟ್ ಕೂತರೆ ಸಾಕು, ಅದು ಎದ್ದು ಕೆಲಸಕ್ಕೆ ನಿಲ್ಲುತ್ತದೆ. 1955ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಈ ಫಾಸ್ಫೊರಿಲೇಸ್ ಹಿಂದೆ ಬಿದ್ದಾಗಲೇ ಫಾಸ್ಫೇಟ್ ಚೀಟಿಯ ಮಹಿಮೆ ಜಗತ್ತಿಗೆ ಗೊತ್ತಾಗಿದ್ದು. ನೊಬೆಲ್ ಬಂದಿದ್ದು 1992ರಲ್ಲಿ.

ಇಷ್ಟೇ ಓದಿದರೆ ಫಾಸ್ಫೇಟ್ ಅಂದರೆ ಆನ್ ಅಂತ ಅನಿಸುತ್ತದೆ. ಆದರೆ ಅದೇ ಸ್ನಾಯುವಿನಲ್ಲಿ, ಅದೇ ಕಣಜಕ್ಕೆ ಕಾಳು ತುಂಬುವ ಇನ್ನೊಂದು ಪ್ರೋಟೀನ್ ಇದೆ, ಗ್ಲೈಕೋಜನ್ ಸಿಂಥೇಸ್. ಅದರ ಮೇಲೆ ಫಾಸ್ಫೇಟ್ ಕೂತರೆ ಅದು ಕೈಕಟ್ಟಿ ಕೂರುತ್ತದೆ. ತೆಗೆಯುವವನು ಎದ್ದಾಗ ತುಂಬುವವನು ಕೂರಬೇಕು. ಇಲ್ಲದಿದ್ದರೆ ಒಂದು ಕಡೆ ಸುರಿ, ಇನ್ನೊಂದು ಕಡೆ ಬಾಚು ಅಂತ ದಂಡದ ಕೆಲಸ. ಚೀಟಿಗೆ ಅದರಷ್ಟಕ್ಕೆ ಅರ್ಥ ಇಲ್ಲ. ಯಾವ ಪ್ರೋಟೀನು, ಎಷ್ಟನೇ ಮಣಿ, ಪಕ್ಕದಲ್ಲಿ ಇನ್ನೇನಿದೆ, ಇದೆಲ್ಲ ಸೇರಿದರೇ ಅರ್ಥ.

## ವಿ.ಎ. ಸಹಿ ಇಲ್ಲದೆ ಆರ್.ಐ. ಸಹಿ ಇಲ್ಲ

ಈ ಗ್ಲೈಕೋಜನ್ ಸಿಂಥೇಸ್ ಬಳಿ ಸ್ವಲ್ಪ ನಿಲ್ಲೋಣ. ಚೀಟಿಗಳ ಒಳಮಾತು ಇಷ್ಟು ಚೊಕ್ಕವಾಗಿ ಕಾಣುವ ಜಾಗ ಕಡಿಮೆ.

ನಾಡಕಚೇರಿಗೆ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರಿಗೆ ಇದು ಗೊತ್ತು. ಊರಿನ ಕಂದಾಯ ಲೆಕ್ಕ ನೋಡುವ ವಿ.ಎ. ವರದಿ ಇಲ್ಲದೆ ಆರ್.ಐ., ಅಂದರೆ ಕಂದಾಯ ನಿರೀಕ್ಷಕರು, ಫೈಲ್ ಮುಟ್ಟುವುದಿಲ್ಲ. ಆರ್.ಐ. ಬರೆಯದೆ ಮೇಲಿನವರು ಸಹಿ ಹಾಕುವುದಿಲ್ಲ. ಜಿಎಸ್‌ಕೆ3 ಅನ್ನೋ ಕೈನೇಸ್ ಕೂಡ ಇದೇ ಜಾತಿಯ ಅಧಿಕಾರಿ. ತಾನಾಗಿ ಬಂದು ಫಾಸ್ಫೇಟ್ ಹಚ್ಚುವುದಿಲ್ಲ. ನಾಲ್ಕು ಮಣಿ ಆಚೆ ಬೇರೆ ಯಾರಾದರೂ ಮೊದಲೇ ಒಂದು ಫಾಸ್ಫೇಟ್ ಹಚ್ಚಿರಬೇಕು. ಜಿಎಸ್‌ಕೆ3 ಮೈಮೇಲೆ ಒಂದು ಗೂಡಿದೆ. ಆ ಮೊದಲ ಫಾಸ್ಫೇಟ್ ಅಲ್ಲಿ ಬಂದು ಕೂತರೆ, ಇದರ ಕೈ ಸರಿಯಾಗಿ ನಾಲ್ಕು ಮಣಿ ಈಚೆಗೆ ಬರುತ್ತದೆ. ಅಲ್ಲಿ ಒಂದು ಹಚ್ಚುತ್ತದೆ. ಈಗ ಆ ಹೊಸ ಫಾಸ್ಫೇಟೇ ಮುಂದಿನದಕ್ಕೆ ಗುರುತು. ಮತ್ತೆ ನಾಲ್ಕು ಮಣಿ ಈಚೆ ಇನ್ನೊಂದು. ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಹೋಗುತ್ತದೆ. ಅಷ್ಟೂ ಕೂತಾಗ ಸಿಂಥೇಸ್ ಪೂರ್ತಿ ಸುಮ್ಮನಾಗುತ್ತದೆ.

ಈಗ ಊಟ ಆಯಿತು, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಟ್ಟಿತು. ಕಣಜ ತುಂಬಬೇಕು. ಅಂದರೆ ಜಿಎಸ್‌ಕೆ3 ಬಾಯಿ ಮುಚ್ಚಿಸಬೇಕು. ಕೋಶ ಮಾಡುವುದೇನು ಗೊತ್ತಾ? ಜಿಎಸ್‌ಕೆ3 ಸರದ ಮೊದಲ ತುದಿಗೇ ಒಂದು ಫಾಸ್ಫೇಟ್ ಅಂಟಿಸುತ್ತದೆ. ಇದನ್ನು ಅಂಟಿಸುವವನು ಆಕ್ಟ್ ಅನ್ನೋ ಇನ್ನೊಂದು ಕೈನೇಸ್. ಆ ತುದಿ ಬಗ್ಗಿ ಬಂದು ತನ್ನದೇ ಗೂಡಿನಲ್ಲಿ ಕೂರುತ್ತದೆ. ಗೂಡು ಭರ್ತಿ. ಹೊರಗಿನ ಫೈಲ್ ಒಳಗೆ ಬರುವ ಹಾಗಿಲ್ಲ. ಫಾಸ್ಫೇಟ್‌ನಿಂದಲೇ ಫಾಸ್ಫೇಟ್ ಹಚ್ಚುವವನನ್ನು ಕಟ್ಟಿಹಾಕುವ ಈ ಉಪಾಯ ನನಗಂತೂ ಪ್ರತಿ ಸಲ ಓದಿದಾಗಲೂ ನಗು ತರಿಸುತ್ತದೆ. ಇತ್ತ ಫಾಸ್ಫಟೇಸ್‌ಗಳು ಸಿಂಥೇಸ್ ಮೇಲಿನ ಹಳೇ ಚೀಟಿಗಳನ್ನು ಕಿತ್ತು ಹಾಕುತ್ತವೆ. ಗ್ಲೈಕೋಜನ್ ತುಂಬುವ ಕೆಲಸ ಶುರು.

ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಕೂಗಿದರೂ ಸ್ನಾಯು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಕಣಜ ತುಂಬುವ ಕೆಲಸ ಕುಂಟುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಉಳಿದ ಸಕ್ಕರೆ ಹಿಮೋಗ್ಲೋಬಿನ್‌ಗೆ ಮೆತ್ತಿಕೊಳ್ಳುತ್ತದೆ. ಅಪ್ಪನ 7.4 ಬಂದಿದ್ದು ಈ ದಾರಿಯಲ್ಲೇ.

ಜಿಎಸ್‌ಕೆ3 ಇನ್ನೂ ಹಲವು ಕಡೆ ಇದೇ ಕೆಲಸ ಮಾಡುತ್ತದೆ. ಬೀಟಾ ಕ್ಯಾಟೆನಿನ್ ಅಂತ ಒಂದು ಪ್ರೋಟೀನ್ ಇದೆ. ಕೋಶ ಬೆಳೆಯಲು, ಒಡೆಯಲು ಹೇಳುವ ಪ್ರೋಟೀನದು. ಜಾಸ್ತಿಯಾದರೆ ಕಷ್ಟ. ಅದರ 45ನೇ ಮಣಿಗೆ ಬೇರೊಂದು ಕೈನೇಸ್ ಫಾಸ್ಫೇಟ್ ಹಚ್ಚಿದ ಮೇಲೆ ಜಿಎಸ್‌ಕೆ3 ಬಂದು 41, 37, 33ನೇ ಮಣಿಗಳಿಗೆ ಹಚ್ಚುತ್ತದೆ. ನಾಲ್ಕು ನಾಲ್ಕರ ಲೆಕ್ಕ ಕಂಡಿತಲ್ವಾ? ಕೊನೆಯ ಎರಡು ಚೀಟಿಗಳನ್ನು ಓದಿಕೊಂಡು ಯುಬಿಕ್ವಿಟಿನ್ ಅಂಟಿಸುವವರು ಬರುತ್ತಾರೆ. ಆಮೇಲೆ ಪ್ರೋಟಿಯಾಸೋಮ್, ಚೂರು ಚೂರು. ಇಲ್ಲಿ ಒಂದು ಬಗೆಯ ಚೀಟಿ ಇನ್ನೊಂದು ಬಗೆಯ ಚೀಟಿಯನ್ನು ಕರೆಯಿತು. ಕೆಲವು ಯಕೃತ್ತಿನ, ಕರುಳಿನ ಕ್ಯಾನ್ಸರ್‌ಗಳಲ್ಲಿ ಈ ನಾಲ್ಕು ಮಣಿಗಳಲ್ಲೊಂದು ಬದಲಾಗಿರುತ್ತದೆ. ಒಂದು ಸಹಿ ತಪ್ಪಿತು, ಫೈಲ್ ಅಲ್ಲೇ ನಿಂತಿತು. ನಾಶವಾಗಬೇಕಿದ್ದ ಪ್ರೋಟೀನು ಉಳಿದುಕೊಂಡು ಕೋಶವನ್ನು ಬೆಳೆ ಬೆಳೆ ಅಂತ ತಳ್ಳುತ್ತಲೇ ಇರುತ್ತದೆ.

## ಕಿಟಕಿಯಿಂದ ಟವಲ್

ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಒಳಗೆ ಬೀಳುತ್ತದೆ. ಸೀಟು ಒಂದೇ. ಟವಲ್ ಬಿದ್ದ ಮೇಲೆ ಬೇರೆಯವರು ಕೂರುವ ಹಾಗಿಲ್ಲ. ಲೈಸಿನ್ ಮಣಿಯ ಕಥೆಯೂ ಇಷ್ಟೇ.

ಪಿ53 ಅನ್ನೋ ಪ್ರೋಟೀನಿನ ಹೆಸರು ಕ್ಯಾನ್ಸರ್ ಬಗ್ಗೆ ಓದಿದವರು ಕೇಳಿರಬಹುದು. ಡಿಎನ್ಎಗೆ ಪೆಟ್ಟು ಬಿದ್ದಾಗ "ನಿಲ್ಲು, ರಿಪೇರಿ ಆಗಲಿ" ಅಂತ ಕೋಶವನ್ನು ತಡೆಯುವ ಕಾವಲುಗಾರ. ರಿಪೇರಿ ಆಗದಿದ್ದರೆ ಕೋಶವನ್ನು ಸಾಯಿಸಲೂ ಹಿಂಜರಿಯುವುದಿಲ್ಲ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನ್ ಕೆಟ್ಟಿರುತ್ತದೆ.

ಇಷ್ಟು ಖಡಕ್ ಕಾವಲುಗಾರ ಸುಮ್ಮಸುಮ್ಮನೆ ಓಡಾಡಿಕೊಂಡಿದ್ದರೂ ಅಪಾಯ. ಹಾಗಾಗಿ ಎಲ್ಲ ಸರಿ ಇದ್ದಾಗ ಎಂಡಿಎಂ2 ಅನ್ನೋ ಪ್ರೋಟೀನು ಬಂದು ಪಿ53ಗೆ ಯುಬಿಕ್ವಿಟಿನ್ ಅಂಟಿಸುತ್ತದೆ. ಅದು ಹುಟ್ಟಿದ ಸ್ವಲ್ಪ ಹೊತ್ತಿಗೇ ಚೂರಾಗುತ್ತದೆ. ಕೋಶ ಇದನ್ನು ಕಟ್ಟುತ್ತಲೇ ಇರುತ್ತದೆ, ಒಡೆಯುತ್ತಲೇ ಇರುತ್ತದೆ.

ಈಗ ಬಿಸಿಲಿನ ನೇರಳಾತೀತ ಕಿರಣಕ್ಕೋ ಎಕ್ಸ್‌ರೇಗೋ ಡಿಎನ್ಎಗೆ ಪೆಟ್ಟು ಬಿತ್ತು ಅನ್ನಿ. ಅಲಾರಾಂ ಕೈನೇಸ್‌ಗಳು ಎದ್ದು ಪಿ53 ತಲೆಯ ಕಡೆ, 15 ಮತ್ತು 20ನೇ ಮಣಿಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಎಂಡಿಎಂ2 ಹಿಡಿತ ಸಡಿಲವಾಗುತ್ತದೆ. ಅದೇ ಫಾಸ್ಫೇಟ್‌ಗಳು ಪಿ300 ಅನ್ನೋ ಇನ್ನೊಬ್ಬನನ್ನು ಹತ್ತಿರ ಕರೆಯುತ್ತವೆ. ಪಿ300 ಕೆಲಸ ಅಸಿಟೈಲ್ ಅಂಟಿಸುವುದು. ಅದು ಪಿ53 ಬಾಲದ ಲೈಸಿನ್‌ಗಳ ಮೇಲೆ ಅಸಿಟೈಲ್ ಇಡುತ್ತದೆ. ಎಂಡಿಎಂ2 ಯುಬಿಕ್ವಿಟಿನ್ ಕೂರಿಸುತ್ತಿದ್ದ ಲೈಸಿನ್‌ಗಳೂ ಅವೇ. ಟವಲ್ ಬಿತ್ತು. ಸೀಟು ಹೋಯಿತು. ಪಿ53 ಬದುಕಿಕೊಂಡು ಕೆಲಸಕ್ಕೆ ನಿಲ್ಲುತ್ತದೆ.

ತಲೆಯ ಮೇಲಿನ ಚೀಟಿ ಬಾಲದ ಚೀಟಿಯನ್ನು ಕರೆಯಿತು, ಬಾಲದ ಚೀಟಿ ಮೂರನೆಯದನ್ನು ಹೊರಗಿಟ್ಟಿತು. ಪಠ್ಯಪುಸ್ತಕಕ್ಕೆ ಹೇಳಿಮಾಡಿಸಿದ ಕಥೆ. ಆದರೆ ಪೂರ್ತಿ ನಂಬಬೇಡಿ. 2005ರಲ್ಲಿ ಇಲಿಗಳಲ್ಲಿ ಬಾಲದ ಆ ಲೈಸಿನ್‌ಗಳನ್ನೆಲ್ಲ ಬದಲಿಸಿ, ಅಸಿಟೈಲ್ ಆಗಲಿ ಯುಬಿಕ್ವಿಟಿನ್ ಆಗಲಿ ಅಲ್ಲಿ ಕೂರದ ಹಾಗೆ ಮಾಡಿ ನೋಡಿದರು. ಪಿ53 ಹೆಚ್ಚುಕಡಿಮೆ ಮೊದಲಿನಂತೆಯೇ ನಾಶವಾಗುತ್ತಿತ್ತು, ಇಲಿಗಳೂ ಚೆನ್ನಾಗಿಯೇ ಇದ್ದವು. ಒಂದು ಸೀಟು ಸಿಗದಿದ್ದರೆ ಯುಬಿಕ್ವಿಟಿನ್ ಬೇರೆ ಸೀಟು ಹುಡುಕಿಕೊಳ್ಳುತ್ತದೆ ಅಂತಾಯ್ತು. ಜೀವಕೋಶದಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ದಾರಿ ಇರುವುದು ಮಾಮೂಲಿ.

## ಸುಸ್ವಾಗತ, ನಾಯಿ ಇದೆ, ಎಚ್ಚರಿಕೆ

ಕೆಲವು ಚೀಟಿಗಳು ಪಕ್ಕದ ಚೀಟಿಯನ್ನು ಕೀಳುವುದಿಲ್ಲ, ಅದನ್ನು ಓದುವವರನ್ನು ಓಡಿಸುತ್ತವೆ. ಬಾಗಿಲ ಮೇಲೆ ಸುಸ್ವಾಗತ ಅಂತಿದೆ. ಪಕ್ಕದಲ್ಲೇ ನಾಯಿ ಇದೆ ಅನ್ನೋ ಬೋರ್ಡು. ಸುಸ್ವಾಗತ ಅಳಿಸಿಲ್ಲ, ಆದರೂ ನೀವು ಗೇಟಿನಲ್ಲೇ ನಿಲ್ಲುತ್ತೀರಿ.

ಡಿಎನ್ಎ ದಾರವನ್ನು ಸುತ್ತಿಟ್ಟುಕೊಳ್ಳುವ ಉಂಡೆಗಳಿಗೆ ಹಿಸ್ಟೋನ್ ಅಂತ ಹೆಸರು. ಎಚ್3 ಅನ್ನೋ ಹಿಸ್ಟೋನಿನ 9ನೇ ಮಣಿ ಲೈಸಿನ್, 10ನೆಯದು ಸೆರಿನ್. 9ರ ಮೇಲೆ ಮೀಥೈಲ್ ಇದ್ದರೆ ಎಚ್‌ಪಿ1 ಅನ್ನೋ ಪ್ರೋಟೀನು ಬಂದು ಕೂತು ಆ ಭಾಗವನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಕೋಶ ಎರಡಾಗುವ ಹೊತ್ತಿಗೆ 10ರ ಮೇಲೆ ಫಾಸ್ಫೇಟ್ ಬರುತ್ತದೆ. ಎಚ್‌ಪಿ1 ಎದ್ದು ಹೋಗುತ್ತದೆ. ಮೀಥೈಲ್ ಮಾತ್ರ ಅಲ್ಲೇ ಇರುತ್ತದೆ. ಕೆಲಸ ಮುಗಿದು ಫಾಸ್ಫೇಟ್ ಹೋದ ಮೇಲೆ ಎಚ್‌ಪಿ1 ವಾಪಸ್ಸು. ಹಳೇ ನೆನಪು ಅಳಿಯದೆ ತಾತ್ಕಾಲಿಕವಾಗಿ ಜಾಗ ಖಾಲಿ ಮಾಡಿಸುವ ದಾರಿ ಇದು.

## ಮಾತ್ರೆಗಳು ಎಲ್ಲಿ ಕೈ ಹಾಕುತ್ತವೆ?

ಹೃದಯದ ತೊಂದರೆ ಇರುವವರಿಗೆ 75 ಮಿಲಿಗ್ರಾಂ ಆಸ್ಪಿರಿನ್ ಕೊಡುತ್ತಾರಲ್ಲ, ಅದು ಮಾಡುವುದು ಚೀಟಿ ಅಂಟಿಸುವ ಕೆಲಸವನ್ನೇ. ತನ್ನ ಅಸಿಟೈಲ್ ತುಣುಕನ್ನು ಕಾಕ್ಸ್ ಅನ್ನೋ ಪ್ರೋಟೀನಿನ ಒಂದು ಸೆರಿನ್ ಮೇಲೆ ಬಿಟ್ಟು ಹೋಗುತ್ತದೆ. ಆ ಪ್ರೋಟೀನಿನ ಬಾಗಿಲು ಮುಚ್ಚಿಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಹೊಸ ಪ್ರೋಟೀನ್ ಕಟ್ಟಲು ಕೋಶಕೇಂದ್ರವೇ ಇಲ್ಲ. ಹಾಗಾಗಿ ಅವು ಬದುಕಿರುವ 7ರಿಂದ 10 ದಿನವೂ ಅದೇ ಸ್ಥಿತಿ. ಮಾತ್ರೆ ದೇಹದಿಂದ ಬೇಗ ಹೋದರೂ ಪರಿಣಾಮ ದಿನಗಟ್ಟಲೆ ಉಳಿಯುವುದು ಇದಕ್ಕೇ.

ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಬೇರೆ ರೀತಿ. ಅದು ಹದ್ದು ಮೀರಿ ಫಾಸ್ಫೇಟ್ ಹಚ್ಚುತ್ತಿರುವ ಒಂದು ಕೈನೇಸ್‌ನ ಕೈ ಹಿಡಿದು ನಿಲ್ಲಿಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಇಂಥ ಔಷಧಿಗಳ ಸಾಲೇ ಬಂತು.

ನಮ್ಮೂರ ಕಡೆಯ ಒಂದು ಎಳೆಯೂ ಇದೆ. ಮಲೆನಾಡು, ಕರಾವಳಿಯಲ್ಲಿ ಮುರುಗಲು, ಪುನರ್ಪುಳಿ ಅಂತ ಕರೆಯುವ ಹಣ್ಣಿನ ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನೋ ವಸ್ತು ಇದೆ. ಮೇಲೆ ಬಂದ ಪಿ300 ಅಸಿಟೈಲ್ ಅಂಟಿಸದ ಹಾಗೆ ಇದು ತಡೆಯುತ್ತದೆ ಅಂತ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2004ರಲ್ಲಿ ತೋರಿಸಿದರು. ಇದು ಲ್ಯಾಬಿನ ಮಾತು. ಪುನರ್ಪುಳಿ ಶರಬತ್ತು ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಅಂತ ಫಾರ್ವರ್ಡ್ ಬಂದರೆ ಅಲ್ಲೇ ಡಿಲೀಟ್ ಮಾಡಿ. ಶರಬತ್ತು ರುಚಿಗೆ ಕುಡಿಯಿರಿ.

## ಇದೆಲ್ಲ ಗೊತ್ತಾಗುವುದು ಹೇಗೆ?

ತೂಕ ಹಾಕಿ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಅಣುಗಳನ್ನು ತೂಗುತ್ತದೆ. ಅಳತೆಯ ಘಟಕ ಡಾಲ್ಟನ್. ಒಂದು ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು ಒಂದು ಡಾಲ್ಟನ್. ಫಾಸ್ಫೇಟ್ ಕೂತಿದ್ದರೆ ತೂಕ 80 ಡಾಲ್ಟನ್ ಜಾಸ್ತಿ. ಮೀಥೈಲ್‌ಗೆ 14. ಅಸಿಟೈಲ್‌ಗೆ 42.

ತಮಾಷೆ ಇರೋದು ಇಲ್ಲೇ. ಲೈಸಿನ್ ಮೇಲೆ ಮೂರು ಮೀಥೈಲ್ ಕೂರಬಹುದು. ಮೂರು ಹದಿನಾಲ್ಕಲೆ 42. ಅಸಿಟೈಲೂ 42! ದಶಾಂಶದ ತನಕ ಹೋದರೆ ಅಸಿಟೈಲ್ 42.011, ಮೂರು ಮೀಥೈಲ್ 42.047. ವ್ಯತ್ಯಾಸ 0.036. ಚಿನ್ನದಂಗಡಿ ತಕ್ಕಡಿಗಿಂತ ಎಷ್ಟೋ ಸೂಕ್ಷ್ಮವಾದ ಯಂತ್ರ ಬೇಕು. ಒಂದು ಚೀಟಿ ಜೀನನ್ನು ತೆರೆದಿಡುತ್ತದೆ, ಇನ್ನೊಂದು ಅದೇ ಜಾಗದಲ್ಲಿ ಮುಚ್ಚಿಡಬಹುದು. ಎರಡನ್ನೂ ಅದಲುಬದಲು ಮಾಡಿ ಓದಿದರೆ ಅರ್ಥ ಉಲ್ಟಾ.

ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಯಂತ್ರಕ್ಕೆ ಹಾಕುವ ಮೊದಲು ಸಾಮಾನ್ಯವಾಗಿ ಪ್ರೋಟೀನನ್ನು ಟ್ರಿಪ್ಸಿನ್ ಅನ್ನೋ ಕತ್ತರಿಯಿಂದ ತುಂಡು ಮಾಡುತ್ತಾರೆ. ಚಿಕ್ಕ ತುಂಡು ತೂಗುವುದು ಸುಲಭ. ಆದರೆ ನಾಡಕಚೇರಿಯ ನೂರು ಫೈಲುಗಳ ಹಾಳೆಗಳನ್ನೆಲ್ಲ ಬಿಚ್ಚಿ ಒಂದೇ ರಾಶಿಗೆ ಹಾಕಿದ ಹಾಗೆ ಆಗುತ್ತದೆ. ಮೊದಲ ಪುಟದಲ್ಲಿ ವಿ.ಎ. ಸಹಿ ಇರುವ ಹಾಳೆಗಳು 40 ಸಿಕ್ಕವು. ಕೊನೇ ಪುಟದಲ್ಲಿ ತಹಶೀಲ್ದಾರರ ಸಹಿ ಇರುವುದೂ 40 ಸಿಕ್ಕವು. ಎರಡೂ ಸಹಿ ಒಂದೇ ಫೈಲಿನಲ್ಲಿ ಇದ್ದವಾ, ಬೇರೆ ಬೇರೆ ಫೈಲಿನಲ್ಲಾ? ರಾಶಿ ನೋಡಿ ಹೇಳಲು ಬರುವುದಿಲ್ಲ. ಹತ್ತು ಜಾಗ ಇರುವ ಒಂದು ಪ್ರೋಟೀನಿನಲ್ಲಿ, ಪ್ರತಿ ಜಾಗಕ್ಕೂ ಚೀಟಿ ಇದೆ ಅಥವಾ ಇಲ್ಲ ಅಂತ ಬರೀ ಎರಡೇ ಸಾಧ್ಯತೆ ಹಿಡಿದರೂ 1,024 ಬಗೆ ಆಗುತ್ತದೆ. ಅದಕ್ಕೇ ಈಗ ಕೆಲವರು ಕತ್ತರಿ ಬದಿಗಿಟ್ಟು ಇಡೀ ಪ್ರೋಟೀನನ್ನೇ ತೂಗುತ್ತಿದ್ದಾರೆ. ಸಣ್ಣ ಪ್ರೋಟೀನುಗಳಿಗೆ ಅದು ನಡೆಯುತ್ತದೆ. ಪ್ರೋಟೀನ್ ದೊಡ್ಡದಾದಷ್ಟೂ ಯಂತ್ರ ಒದ್ದಾಡುತ್ತದೆ.